ಹೊಸ ಕ್ಯಾಮೆರಾ ಕೊಳ್ಳುವ ಮುನ್ನ

ದೀಪಾವಳಿಯ ಬೋನಸ್ಸು ಕೈಸೇರುವ ಕಾಲದಲ್ಲಿ ಹೊಸೂರಿನ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ವಾಚಕರಿಂದ ಸಲಹೆ ಕೇಳುವ ಪತ್ರಗಳು ಬರುವುದು ವಾಡಿಕೆ. ಈ ಸಲ ಬಂದವುಗಳಲ್ಲಿ ದೇಂಕಣಿಕೋಟೆಯ ಕಡೆಯ ತರುಣರೊಬ್ಬರ ಪತ್ರ ನಮ್ಮನ್ನು ಬಹಳ ಹೊತ್ತು ಯೋಚನೆಗೆ ಹಚ್ಚಿತು. ಭಾನುವಾರಗಳಂದು ಊರೂರು ಸುತ್ತಿ ವೀರಗಲ್ಲುಗಳ ಛಾಯಾಚಿತ್ರ ತೆಗೆಯುವುದು ಇವರ ಹವ್ಯಾಸ. ಬಳಿಯಲ್ಲಿರುವುದು 2008ರಲ್ಲಿ ಹೊರಬಂದ ನಿಕಾನ್ ಡಿ90. 2025ರ ಏಪ್ರಿಲ್‌ನಲ್ಲಿ ಅದೇ ಕಂಪನಿ ಹೊರತಂದ ಝಡ್5-2 ಈಗ ಇವರ ಮನಸ್ಸನ್ನು ಸೆಳೆದಿದೆ. ಬೆಲೆ ಒಂದು ಲಕ್ಷ ರೂಪಾಯಿಗೂ ಮೇಲು. ಅಣ್ಣನವರು ಅರ್ಧ ಕೊಡುತ್ತಾರಂತೆ. ಉಳಿದರ್ಧಕ್ಕೆ ಬೋನಸ್ಸು ಮತ್ತು ಕಂತು. ತಂಗಿಯ ಕಾಲೇಜು ಶುಲ್ಕವನ್ನೂ ಇದೇ ವರ್ಷ ಕಟ್ಟಬೇಕಾಗಿದೆಯೆಂಬ ಮಾತನ್ನು ಪತ್ರದ ಕೊನೆಯಲ್ಲಿ, ಸಹಿಯ ಕೆಳಗೆ ಬರೆದಿದ್ದಾರೆ. ಆ ಸಾಲನ್ನು ನಾವು ಮೊದಲನೆಯ ಸಾಲೆಂದೇ ಓದಿಕೊಂಡೆವು.

ಮೊದಲು ಯಂತ್ರದ ವಿಚಾರ. ಡಿ90 ಕನ್ನಡಿಯುಳ್ಳ ಕ್ಯಾಮೆರಾ, ಅಂದರೆ ಎಸ್.ಎಲ್.ಆರ್. ಮಸೂರದ ಮೂಲಕ ಬಂದ ಬೆಳಕು ಒಳಗಿನ ಕನ್ನಡಿಗೆ ತಾಗಿ ಮೇಲಕ್ಕೆ ತಿರುಗಿ ನಮ್ಮ ಕಣ್ಣನ್ನು ಸೇರುತ್ತದೆ. ಗುಂಡಿಯನ್ನು ಒತ್ತಿದೊಡನೆ ಕನ್ನಡಿ ಮೇಲೆದ್ದು ದಾರಿ ಬಿಡುತ್ತದೆ. ಹೊಸದರಲ್ಲಿ ಆ ಕನ್ನಡಿಯೇ ಇಲ್ಲ. ನಿಕಾನ್ ಮತ್ತು ಕ್ಯಾನನ್ ಕಂಪನಿಗಳೆರಡೂ 2018ರಲ್ಲಿ ಈ ಹೊಸ ವಂಶದ ದೊಡ್ಡ ಕ್ಯಾಮೆರಾಗಳನ್ನು ಆರಂಭಿಸಿದವು. 2020ರಲ್ಲಿ ಡಿ780 ಮತ್ತು ಡಿ6 ಬಂದ ಮೇಲೆ ನಿಕಾನ್ ಹೊಸ ಎಸ್.ಎಲ್.ಆರ್. ತಂದಿಲ್ಲ. ಆದುದರಿಂದ ಇವರ ಮುಂದಿರುವುದು ಹಳೆಯದನ್ನು ಕೊಟ್ಟು ಅದರ ತಮ್ಮನನ್ನು ತರುವ ವ್ಯವಹಾರವಲ್ಲ, ಮನೆತನವನ್ನೇ ಬದಲಿಸುವ ವ್ಯವಹಾರ. ಹಳೆಯ ಮಸೂರಗಳನ್ನು ಹೊಸದಕ್ಕೆ ಜೋಡಿಸಲು ನಡುವೆ ಒಂದು ಬಳೆ ಬೇಕು. ಅದನ್ನು ಹಾಕಿದರೂ, ಕ್ಯಾಮೆರಾದೊಳಗಿನ ಮೋಟಾರನ್ನೇ ನೆಚ್ಚಿದ ಹಳೆಯ ಮಸೂರಗಳು ತಾವಾಗಿ ಫೋಕಸ್ ಆಗುವುದಿಲ್ಲ. ಕಲ್ಲು ಓಡಿಹೋಗುವುದಿಲ್ಲವಾದ್ದರಿಂದ ಕೈಯಲ್ಲಿ ಫೋಕಸ್ ಮಾಡಬಹುದು, ನಿಜ. ಆದರೆ ಬಳೆಯ ಬೆಲೆಯನ್ನೂ ಲೆಕ್ಕದಲ್ಲಿ ಬರೆದುಕೊಳ್ಳಬೇಕು.

ಇನ್ನು ಮೆಗಾಪಿಕ್ಸೆಲ್. ಹಳೆಯದರಲ್ಲಿ 12.3, ಹೊಸದರಲ್ಲಿ 24.5. ಚುಕ್ಕೆಗಳು ಇಮ್ಮಡಿಯಾದ ಮೇಲೆ ವಿವರವೂ ಇಮ್ಮಡಿಯೆಂದು ಅಂಗಡಿಯವರು ಹೇಳಿಯಾರು. ಆದರೆ ಈ ಹೆಚ್ಚಳವು ಉದ್ದಕ್ಕೂ ಅಗಲಕ್ಕೂ ಹಂಚಿಹೋಗುವುದರಿಂದ ಒಂದೊಂದು ದಿಕ್ಕಿನಲ್ಲಿ ಸಿಗುವುದು ಸುಮಾರು 1.4 ಪಟ್ಟು ಮಾತ್ರ. ಡಿ90ರ ಚಿತ್ರದ ಉದ್ದ 4288 ಚುಕ್ಕೆ, ಅಗಲ 2848. ಅಂಗುಲಕ್ಕೆ 300 ಚುಕ್ಕೆಯಂತೆ ಮುದ್ರಿಸಿದರೆ 14 ಅಂಗುಲ ಉದ್ದ, 9 ಅಂಗುಲಕ್ಕೂ ಮಿಕ್ಕ ಅಗಲದ ಪಟ ದೊರೆಯುತ್ತದೆ. ಗೋಡೆಗೆ ತೂಗುಹಾಕಲು ಧಾರಾಳವಾಯಿತು. ಇನ್ನೂ ವಿವರ ಬೇಕೆಂದರೆ ಕಲ್ಲಿನ ಹತ್ತಿರಕ್ಕೆ ಹೋಗಿ ಎರಡು ಮೂರು ಭಾಗಗಳಾಗಿ ತೆಗೆಯಬಹುದು. ಲಕ್ಷ ರೂಪಾಯಿಯ ಲಾಭ ಎರಡು ಹೆಜ್ಜೆಯಲ್ಲಿ ಬಂತು.

ಹಾಗೆಂದು ಹೊಸದರಲ್ಲಿ ಹುರುಳಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ನಸುಕಿನ ಮುಹೂರ್ತಗಳಲ್ಲಿ, ಮಂದ ಬೆಳಕಿನ ಕಲ್ಯಾಣಮಂಟಪಗಳಲ್ಲಿ ಮದುವೆಯ ಚಿತ್ರ ತೆಗೆದು ಜೀವನ ನಡೆಸುವವರಿಗೆ ಅದು ವರ್ಷದೊಳಗೆ ತನ್ನ ಬೆಲೆಯನ್ನು ದುಡಿದುಕೊಟ್ಟೀತು. ಕಡಿಮೆ ಬೆಳಕಿನಲ್ಲಿ ಡಿ90ರ ಚಿತ್ರದಲ್ಲಿ ರವೆ ಚೆಲ್ಲಿದಂತೆ ಕಾಣುವ ಕಡೆ ಹೊಸದು ಶುಭ್ರವಾಗಿ ತೋರಿಸುತ್ತದೆ. ಅಲ್ಲದೆ ಸದ್ದಿಲ್ಲದೆ ಕೆಲಸ ಮಾಡಬಲ್ಲದು. ರಾಗಿ ಕೊಯ್ಲಿನ ಕಾಲಕ್ಕೆ ಬನ್ನೇರುಘಟ್ಟದ ಕಡೆಯಿಂದ ಜವಳಗಿರಿ, ಸಾನಮಾವು ಕಾಡುಗಳಿಗೆ ಬರುವ ಆನೆಗಳನ್ನು ಮುಸ್ಸಂಜೆಯಲ್ಲಿ ಚಿತ್ರಿಸಬೇಕೆಂಬವರಿಗೂ ಇದೇ ಮಾತು ಅನ್ವಯಿಸುತ್ತದೆ. (ಆನೆಯ ಹತ್ತಿರ ಹೋಗಲು ಮಾತ್ರ ಯಾವ ಕ್ಯಾಮೆರಾವೂ ಅಪ್ಪಣೆ ಕೊಡುವುದಿಲ್ಲ, ಹೊಲ ಕಾಯುವ ರೈತನ ಕಷ್ಟವನ್ನು ನಮ್ಮ ಗುಂಪು ಹೆಚ್ಚಿಸಬಾರದು.) ಆದರೆ ನಮ್ಮ ತರುಣರು ಚಿತ್ರಿಸುವುದು ಆನೆಯನ್ನಲ್ಲ, ಮದುವಣಗಿತ್ತಿಯನ್ನೂ ಅಲ್ಲ. ಸಾವಿರ ವರ್ಷದಿಂದ ಕದಲದೆ ನಿಂತಿರುವುದನ್ನು.

ಆ ಕಲ್ಲುಗಳ ವಿಚಾರ ಎರಡು ಮಾತು ಹೇಳಲೇಬೇಕು. ಗಂಗರ, ನೊಳಂಬರ ಕಾಲದ ಕನ್ನಡ ಬರಹವುಳ್ಳ ಕಲ್ಲುಗಳು ನಮ್ಮ ಈ ಸೀಮೆಯಲ್ಲಿವೆ. ತುರುಗಳನ್ನು ಬಿಡಿಸಿ ತರುವಾಗ ಮಡಿದವನು, ಹುಲಿಯೊಡನೆ ಹೋರಾಡಿ ಬಿದ್ದವನು, ಇವರ ಹೆಸರು ಬೇರೆ ಯಾವ ಪುಸ್ತಕದಲ್ಲೂ ಇಲ್ಲ, ಆ ಕಲ್ಲಿನಲ್ಲಿ ಮಾತ್ರ ಇದೆ. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳು ಮೈಸೂರು ಸಂಸ್ಥಾನಕ್ಕೂ ಕೊಡಗಿಗೂ ಸೀಮಿತವಾಗಿದ್ದವು. 1905ರಲ್ಲಿ ಬಂದ ಬೆಂಗಳೂರು ಜಿಲ್ಲೆಯ ಸಂಪುಟದಲ್ಲಿ ಆನೇಕಲ್ ತಾಲ್ಲೂಕು ಸೇರಿತು. ಪಕ್ಕದ ಹೊಸೂರು ಮದರಾಸು ಪ್ರಾಂತದ ಸೇಲಂ ಜಿಲ್ಲೆಯದಾದ್ದರಿಂದ ಅದರ ಕ್ಷೇತ್ರದ ಹೊರಗೆ ಉಳಿಯಿತು. ಮುಂದೆ 1970ರ ದಶಕದಲ್ಲಿ ತಮಿಳುನಾಡಿನ ಪುರಾತತ್ತ್ವ ಇಲಾಖೆ ಆರ್. ನಾಗಸ್ವಾಮಿಯವರ ಮುಂದಾಳುತನದಲ್ಲಿ ಅಂದಿನ ಧರ್ಮಪುರಿ ಜಿಲ್ಲೆಯ ಶಾಸನಗಳನ್ನು ಸಂಗ್ರಹಿಸಿ ಪ್ರಕಟಿಸಿತು; ಅದು ನಾವೆಲ್ಲ ಕೃತಜ್ಞತೆಯಿಂದ ನೆನೆಯಬೇಕಾದ ಕೆಲಸ. ಆದರೂ ಹೊಲದ ಬದುವಿನಲ್ಲಿ ಮಲಗಿರುವ ಕಲ್ಲನ್ನೆಲ್ಲ ಇಲಾಖೆಯೊಂದೇ ಕಾಯಲಾರದು. ಬೆಂಗಳೂರು ಎಂಬ ಹೆಸರು ಸುಮಾರು 890ರಷ್ಟು ಹಳೆಯದೆಂದು ನಾವು ಹೇಳುತ್ತಿರುವುದು ಬೇಗೂರಿನ ಒಂದು ವೀರಗಲ್ಲಿನ ಆಧಾರದಿಂದ. ಆ ಒಂದು ಸಾಲು ಸವೆದುಹೋಗಿದ್ದರೆ ಆ ಮಾತಿಗೆ ಆಧಾರವೇ ಇರುತ್ತಿರಲಿಲ್ಲ.

ಕೃಷ್ಣಗಿರಿ, ಧರ್ಮಪುರಿಗಳ ಕಡೆ ಎಷ್ಟೋ ವೀರಗಲ್ಲುಗಳಿಗೆ ವೇಡಿಯಪ್ಪನೆಂಬ ಹೆಸರಿನಲ್ಲಿ ಪೂಜೆ ನಡೆಯುತ್ತದೆ. ಎಣ್ಣೆ, ಅರಿಸಿನ, ಈಚೆಗೆ ಬಣ್ಣ. ಭಕ್ತಿಯನ್ನು ನಾವು ಆಕ್ಷೇಪಿಸುವವರಲ್ಲ. ಪೂಜೆಯಿರುವ ಕಲ್ಲನ್ನು ಯಾರೂ ಕಿತ್ತೊಯ್ಯುವುದಿಲ್ಲವೆಂಬ ಲಾಭವೂ ಉಂಟು. ಆದರೆ ಬಣ್ಣ ಅಕ್ಷರದ ಕುಳಿಯನ್ನು ತುಂಬುತ್ತದೆ. ಪೂಜೆಯಿಲ್ಲದವು ಮನೆಯ ಮೆಟ್ಟಿಲಾಗುತ್ತವೆ, ರಸ್ತೆಯ ಕೆಲಸದಲ್ಲಿ ಮಣ್ಣು ಸೇರುತ್ತವೆ.

ಹೀಗಿರುವಾಗ ಬೇಕಾದುದು ಬೆಳಕಿನ ಜ್ಞಾನ. ತರುಣರು ಪತ್ರದೊಡನೆ ಎರಡು ಚಿತ್ರಗಳನ್ನು ಕಳುಹಿಸಿದ್ದಾರೆ. ಎರಡರಲ್ಲೂ ಬೆಳಕು ನೇರವಾಗಿ ಎದುರಿನಿಂದ ಬಿದ್ದು ಅಕ್ಷರಗಳು ಚಪ್ಪಟೆಯಾಗಿವೆ. ಇದು ಕ್ಯಾಮೆರಾದ ತಪ್ಪಲ್ಲ. ಝಡ್5-2 ಕೂಡ ಹೀಗೆಯೇ ತೆಗೆಯುತ್ತಿತ್ತು. ಸವೆದ ಅಕ್ಷರ ಕಾಣಬೇಕಾದರೆ ಬೆಳಕು ಕಲ್ಲಿನ ಮೈಯನ್ನು ಸವರಿಕೊಂಡು ಓರೆಯಾಗಿ ಬರಬೇಕು. ಆಗ ಒಂದೊಂದು ಕುಳಿಯೂ ನೆರಳನ್ನು ಹಿಡಿಯುತ್ತದೆ. ದಕ್ಷಿಣಕ್ಕೆ ಮುಖಮಾಡಿದ ಕಲ್ಲಿಗೆ ಚಳಿಗಾಲದ ಬೆಳಗು ಬೈಗು ಒಳ್ಳೆಯದು. ಉತ್ತರಕ್ಕೆ ಮುಖಮಾಡಿದ ಕಲ್ಲು ಚಳಿಗಾಲವೆಲ್ಲ ನೆರಳಿನಲ್ಲಿರುತ್ತದೆಂದು ಬಿಟ್ಟುಬಿಡುವವರೇ ಹೆಚ್ಚು. ಆದರೆ ನಮ್ಮ ಸೀಮೆಯಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕಿರುತ್ತಾನೆ. ಆ ದಿನಗಳಲ್ಲಿ ಸರಿಯಾಗಿ ಮಧ್ಯಾಹ್ನ ಹನ್ನೆರಡೂವರೆಯ ಸುಮಾರಿಗೆ ಹೋಗಿ ನಿಂತರೆ ಬೆಳಕು ಕಲ್ಲಿನ ಮೇಲಿನಿಂದ ಕೆಳಕ್ಕೆ ಸವರಿಕೊಂಡು ಇಳಿಯುವುದನ್ನು ಕಾಣಬಹುದು. ಊಟದ ಹೊತ್ತು ತಪ್ಪೀತು, ಅಷ್ಟೆ. ಬಿಸಿಲಿಲ್ಲದ ಮೂಲೆಗೆ ಮನೆಯ ಮುಖ ನೋಡುವ ಕನ್ನಡಿ ಸಾಕು. ಬಿಸಿಲಿನಲ್ಲಿ ಒಬ್ಬರು ಹಿಡಿದು ಪಕ್ಕದಿಂದ ಬೆಳಕು ಹಾಯಿಸಿದರೆ ಕೆಲಸವಾಯಿತು. ಅಕ್ಷರಕ್ಕೆ ಸೀಮೆಸುಣ್ಣ ತುಂಬುವುದನ್ನು ಮಾತ್ರ ಮಾಡಬಾರದು. ಹಾಗೆ ತುಂಬಿದ ಮೇಲೆ ಚಿತ್ರದಲ್ಲಿ ಉಳಿಯುವುದು ಕಲ್ಲಿನ ಅಕ್ಷರವಲ್ಲ, ಸುಣ್ಣ ಹಿಡಿದವನ ಊಹೆ. ಹಳಗನ್ನಡದ ಱ, ೞ ಅಕ್ಷರಗಳನ್ನು ರ, ಳ ಎಂದು ತಿದ್ದಿಬಿಡುವುದು ಹೀಗೆಯೇ.

ಇದಕ್ಕಿಂತ ಮುಂದೆ ಹೋಗಬೇಕೆನ್ನುವವರಿಗೆ 2001ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯ ಟಾಮ್ ಮಾಲ್ಜ್‌ಬೆಂಡರ್ ಮತ್ತು ಜೊತೆಗಾರರು ಪ್ರಕಟಿಸಿದ ಒಂದು ವಿಧಾನವಿದೆ. ಅದರಿಂದ ಬೆಳೆದ ಪದ್ಧತಿಗೆ ಆರ್.ಟಿ.ಐ. ಎಂದು ಹೆಸರು, ಮಾಹಿತಿ ಹಕ್ಕಿನ ಅರ್ಜಿಯೆಂದು ತಿಳಿಯಬೇಡಿ. ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ಕದಲದಂತೆ ನಿಲ್ಲಿಸಿ, ಕಲ್ಲಿನ ಪಕ್ಕ ಹೊಳೆಯುವ ಕರಿಯ ಗುಂಡೊಂದನ್ನು ಇಟ್ಟು, ಫ್ಲಾಶನ್ನು ಬೇರೆ ಬೇರೆ ದಿಕ್ಕಿನಿಂದ ಹಿಡಿದು ಮೂವತ್ತು ನಲವತ್ತು ಚಿತ್ರ ತೆಗೆಯುತ್ತಾರೆ. ಪ್ರತಿ ಸಲವೂ ದೂರ ಒಂದೇ ಆಗಿರಲು ಫ್ಲಾಶಿಗೆ ಒಂದು ದಾರ ಕಟ್ಟಿಕೊಳ್ಳುತ್ತಾರೆ. ಗುಂಡಿನ ಮೇಲಿನ ಹೊಳಪನ್ನು ನೋಡಿ ಗಣಕಯಂತ್ರವು ಬೆಳಕು ಬಂದ ದಿಕ್ಕನ್ನು ಲೆಕ್ಕ ಹಾಕುತ್ತದೆ. ಬಳಿಕ ಮನೆಯಲ್ಲಿ ಕುಳಿತು ಬೆಳಕನ್ನು ಬೇಕಾದ ಕಡೆಯಿಂದ ಬೀಳಿಸಿ ಓದಬಹುದು. ಇದಕ್ಕೆ ಬೇಕಾದ ತಂತ್ರಾಂಶ ಉಚಿತವಾಗಿಯೇ ದೊರೆಯುತ್ತದೆ. ಈ ಕೆಲಸವನ್ನೆಲ್ಲ ಡಿ90 ಮಾಡಬಲ್ಲದು. ಬೆಂಗಳೂರಿನ ಮಿಥಿಕ್ ಸೊಸೈಟಿ ಈಚಿನ ವರ್ಷಗಳಲ್ಲಿ ಶಾಸನಗಳನ್ನು ಮೂರು ಆಯಾಮದ ಯಂತ್ರದಿಂದ ದಾಖಲಿಸುತ್ತಿರುವುದನ್ನು ವಾಚಕರು ಕೇಳಿರಬಹುದು; ಅದು ಸಂಸ್ಥೆಯ ಕೆಲಸ, ಇದು ಮನೆಯವರೂ ಮಾಡಬಹುದಾದದ್ದು.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು: ಈ ವರ್ಷ ಕೊಳ್ಳುವುದು ಬೇಡ. ತಂಗಿಯ ಶುಲ್ಕ ಮೊದಲು ಹೋಗಲಿ. ಬೋನಸ್ಸಿನಲ್ಲಿ ಉಳಿದುದಕ್ಕೆ ಗಟ್ಟಿಯಾದ ಮುಕ್ಕಾಲಿ, ಕ್ಯಾಮೆರಾದಿಂದ ಬೇರ್ಪಡಿಸಿ ಹಿಡಿಯಬಹುದಾದ ಫ್ಲಾಶ್, ಎರಡು ಹಾರ್ಡ್ ಡಿಸ್ಕ್ ಬರುತ್ತವೆ. ಎರಡನ್ನೂ ಒಂದೇ ಬೀರುವಿನಲ್ಲಿ ಇಡದೆ ಒಂದನ್ನು ಅಣ್ಣನವರ ಮನೆಯಲ್ಲಿಡಲಿ. ವಾಟ್ಸಾಪಿನಲ್ಲಿ ಕಳುಹಿಸಿದ ಚಿತ್ರ ಕುಗ್ಗಿರುತ್ತದೆ; ಅದನ್ನು ದಾಖಲೆಯೆಂದು ಎಣಿಸಬಾರದು. ಒಂದೊಂದು ಚಿತ್ರದೊಡನೆ ಊರಿನ ಹೆಸರು, ದಿನಾಂಕ, ಕಲ್ಲು ಮುಖಮಾಡಿದ ದಿಕ್ಕು, ಅಳತೆಗೋಲು ಇರಲಿ. ಊರಿನ ಹೆಸರನ್ನು ಕನ್ನಡದಲ್ಲೂ ತಮಿಳಿನಲ್ಲೂ ಬರೆಯುವುದು ಒಳ್ಳೆಯದು. ಒಂದು ಪ್ರತಿಯನ್ನು ಪುರಾತತ್ತ್ವ ಇಲಾಖೆಗೆ ಕೊಡಲಿ.

ಡಿ90ರ ಷಟರನ್ನು ಕಂಪನಿಯವರು ಒಂದು ಲಕ್ಷ ಸಲದವರೆಗೆ ಪರೀಕ್ಷಿಸಿದ್ದರು. ಅದು ಈವರೆಗೆ ಎಷ್ಟು ಸಲ ಬಡಿದಿದೆಯೆಂಬುದನ್ನು ಚಿತ್ರದ ಕಡತದಿಂದಲೇ ತಿಳಿಯಬಹುದು. ತರುಣರು ಅದನ್ನು ನೋಡಿಕೊಳ್ಳಲಿ. ಅದು ನಿಂತುಹೋದ ದಿನ ಹೊಸದನ್ನು ತರಲು ನಮ್ಮ ಅಡ್ಡಿಯಿಲ್ಲ. ಬೆಂಗಳೂರಿನಲ್ಲಿ ಕೊಂಡರೂ ಹೊಸೂರಿನಲ್ಲಿ ಕೊಂಡರೂ ತೆರಿಗೆ ಒಂದೇ. 2019ರ ಜನವರಿಯಿಂದ ಡಿಜಿಟಲ್ ಕ್ಯಾಮೆರಾದ ಮೇಲಿನ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಅತ್ತಿಬೆಲೆ ದಾಟುವಾಗ ರಸೀದಿಯನ್ನು ಎದೆಗೊತ್ತಿಕೊಂಡು ಕೂರುತ್ತಿದ್ದ ಕಾಲ ಹೋಯಿತು.