ಇಪ್ಪತ್ತೊಂದನೆಯ ಡಬ್ಬಿ

2024ರ ಜುಲೈ 19ರಂದು ನಮ್ಮ ದೇಶದ ಕೆಲವು ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟುದನ್ನು ಓದುಗರು ಮರೆತಿರಲಾರರು. ಅಂದು ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಗಣಕಯಂತ್ರಗಳು ನೀಲಿ ಪರದೆ ತೋರಿ ನಿಂತವು. ಬ್ಯಾಂಕು, ಆಸ್ಪತ್ರೆಗಳ ಕೆಲಸವೂ ಕೆಟ್ಟಿತು. ಇದು ವೈರಿಗಳ ಕೃತ್ಯವಾಗಿರಲಿಲ್ಲ. ಕಾವಲಿಗೆಂದು ಇರಿಸಿಕೊಂಡ ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ತಂತ್ರಾಂಶವೇ ಎಣಿಕೆಯಲ್ಲಿ ತಪ್ಪಿತ್ತು.

ಗಣಕಯಂತ್ರದ ಕಾರ್ಯಾಚರಣ ವ್ಯವಸ್ಥೆಯ ತಿರುಳಿಗೆ ಕರ್ನೆಲ್ ಎಂದು ಹೆಸರು. ಮನೆಯ ಬೀಗದ ಕೈಗಳನ್ನೆಲ್ಲ ಸೊಂಟಕ್ಕೆ ಸಿಕ್ಕಿಸಿಕೊಂಡ ಯಜಮಾನಿಯ ಸ್ಥಾನ ಅದರದು. ಸಾಮಾನ್ಯ ತಂತ್ರಾಂಶವೊಂದು ತನಗೆ ಕೊಟ್ಟ ಸ್ಮೃತಿಯ ಎಲ್ಲೆ ಮೀರಿದರೆ ಕರ್ನೆಲ್ ಅದೊಂದನ್ನೇ ಹೊರಹಾಕುತ್ತದೆ. ಆದರೆ ಕರ್ನೆಲ್ಲಿನೊಳಗೇ ಕುಳಿತವರು ಎಡವಿದರೆ, ಇನ್ನಷ್ಟು ಕೆಡದಿರಲೆಂದು ಇಡೀ ಯಂತ್ರವನ್ನೇ ನಿಲ್ಲಿಸಬೇಕಾಗುತ್ತದೆ. ಆ ಕಾವಲು ತಂತ್ರಾಂಶ ನೆಲೆಸಿದ್ದುದು ಅಲ್ಲಿಯೇ.

ಅಡುಗೆಮನೆಯ ಹಲಗೆಯ ಮೇಲೆ 20 ಡಬ್ಬಿಗಳಿವೆ. ಚೀಟಿಯಲ್ಲಿ ಮಾತ್ರ 21 ಎಂದು ಬರೆದಿದೆ ಎನ್ನೋಣ. ಹಿಂದಿನ ಚೀಟಿಗಳಲ್ಲಿ 21ನೆಯದರ ಮುಂದೆ ‘ಏನಿದ್ದರೂ ಸರಿ’ ಎಂದಿದ್ದುದರಿಂದ ಯಾರೂ ಅಲ್ಲಿಗೆ ಕೈ ಚಾಚಲಿಲ್ಲ. ಪರೀಕ್ಷೆಗಳಲ್ಲಿಯೂ ತಪ್ಪು ಕಾಣಲಿಲ್ಲ. ಅಂದು ಭಾರತೀಯ ವೇಳೆ ಬೆಳಿಗ್ಗೆ 9.39ಕ್ಕೆ ಹೊರಟ ಹೊಸ ಚೀಟಿ 21ನೆಯದನ್ನೂ ನೋಡೆಂದಿತು. ಕೈ ಹಲಗೆಯಾಚೆಗೆ ಹೋಯಿತು. ತಜ್ಞರು ಇದನ್ನೇ ಎಲ್ಲೆ ಮೀರಿದ ಓದು ಎನ್ನುತ್ತಾರೆ.

ಸಂಸ್ಥೆ 78 ನಿಮಿಷಗಳಲ್ಲಿ ಆ ಕಡತವನ್ನು ಹಿಂದಕ್ಕೆ ಪಡೆಯಿತು. ಆದರೆ ಆಗಲೇ ಕುಸಿದಿದ್ದ ಯಂತ್ರಗಳಲ್ಲಿ ಬಹಳಷ್ಟರ ಮುಂದೆ ಒಬ್ಬೊಬ್ಬರು ಕುಳಿತು ಅದನ್ನು ಕೈಯಾರೆ ಅಳಿಸಬೇಕಾಯಿತು. ಓದುವ ಮೊದಲು ಎಣಿಸಿ ನೋಡುವ ಕಟ್ಟುಪಾಡು, ಹೊಸದನ್ನು ಹಂತಹಂತವಾಗಿ ಕಳುಹಿಸುವ ಕ್ರಮ ಆಮೇಲೆ ಬಂದವು.

ಎಲ್ಲೆ ಮೀರಿದ ಕೈ ಎಲ್ಲ ವೇಳೆಯೂ ಬರಿಗೈಯಾಗಿ ಮರಳುವುದಿಲ್ಲ. 2014ರಲ್ಲಿ ಬಯಲಾದ ಹಾರ್ಟ್‌ಬ್ಲೀಡ್ ದೋಷ ಕರ್ನೆಲ್ಲಿನದಲ್ಲ. ಆದರೂ ಇಂಥದೇ ಓದಿನಿಂದ ಪರರ ಗುಪ್ತಪದಗಳು ಹೊರಬೀಳುವ ದಾರಿ ತೆರೆದಿತ್ತು. ಕುಸಿದ ಯಂತ್ರ ಕಣ್ಣಿಗೆ ಕಾಣುತ್ತದೆ. ಸೋರಿದ ಗುಟ್ಟು ಕಾಣುವುದಿಲ್ಲ.

ಇದನ್ನು ಕೇಳಿ ಹೆದರಿ, ನಮ್ಮ ಮನೆಗಳ ಮೊಬೈಲು, ಗಣಕಗಳಿಗೆ ಬರುವ ಪರಿಷ್ಕರಣೆಗಳನ್ನು ತಡೆಯುವುದು ವಿವೇಕವಲ್ಲ. ಇಂಥ ಬಿರುಕುಗಳು ಮುಚ್ಚುವುದೂ ಅವುಗಳಿಂದಲೇ. ಕಾವಲುಗಾರನನ್ನು ನಾವು ಕಳೆದುಕೊಳ್ಳಬೇಕಿಲ್ಲ. ಬೀಗದ ಕೈ ಕೊಟ್ಟ ಮೇಲೆ ಅವನಿಂದಲೂ ಲೆಕ್ಕ ಕೇಳುವುದನ್ನು ಮಾತ್ರ ಬಿಡಬಾರದು.