ಬಾಡಿಗೆ ಮಾತಾಡುವ ಮೊದಲು ಮಾರ್ಗ ತೋರಿಸಿ

"ಮನೆವರೆಗೆ ಮಾರ್ಗ ಉಂಟಲ್ಲ?" ಅಂತ ಯಾರಾದರೂ ಕೇಳಿದರೆ ನಾವು ಹಳ್ಳಿಯವರು ಹಿಂದೆಮುಂದೆ ನೋಡದೆ "ಉಂಟುಂಟು" ಅನ್ನುತ್ತೇವೆ. ಬೈಕು ಬಂದರೂ ಮಾರ್ಗ, ಜೀಪು ಬಂದರೂ ಮಾರ್ಗ. ಇಲ್ಲ ಅನ್ನಲಿಕ್ಕೆ ಸ್ವಲ್ಪ ನಾಚಿಕೆಯೂ ಇರುತ್ತದೆ. ನಾನೂ ಹಾಗೇ ಹೇಳಿದ್ದು. 2023ರ ಮೇ ತಿಂಗಳಲ್ಲಿ ಆ ಒಂದು "ಉಂಟು"ವಿಗೆ ನನಗೆ ಒಂಬತ್ತೂವರೆ ಸಾವಿರ ರೂಪಾಯಿ ಹೆಚ್ಚಿಗೆ ಬಿತ್ತು. ಮತ್ತೊಬ್ಬರಿಗೆ ಹೀಗಾಗದಿರಲಿ ಅಂತ ಬರೆಯುತ್ತಿದ್ದೇನೆ.

ನಮ್ಮದು ವೇಣೂರು ಕಡೆಯ ಹಳೇ ಕುಟುಂಬದ ಮನೆ. ಪಾಲಾದಾಗ ಆ ಮನೆ ತಮ್ಮನಿಗೆ ಹೋಯಿತು. ನನ್ನ ಪಾಲಿನ ಹಣದಲ್ಲಿ ಸಿದ್ಧಕಟ್ಟೆ ಕಡೆ ಎರಡು ಎಕ್ರೆ ಗುಡ್ಡೆ ಜಾಗ, ಅದರಲ್ಲಿ ಒಂದು ಸಣ್ಣ ಮನೆ ತೆಗೆದುಕೊಂಡೆ. ನೀರಾಶ್ರಯ ಇಲ್ಲ. ಗೇರು, ಮಳೆಗಾಲಕ್ಕೆ ಬೆಟ್ಟು ಗದ್ದೆಯಲ್ಲಿ ಒಂದು ಬೆಳೆ ಭತ್ತ, ಆಮೇಲೆ ಉದ್ದು, ಹುರುಳಿ. ವೇಣೂರಿನಿಂದ ಮೂಡುಬಿದಿರೆಗಾಗಿ ಸಿದ್ಧಕಟ್ಟೆಗೆ ಬಂದರೆ ಒಂದು ಗಂಟೆಯ ದಾರಿ, ಅಷ್ಟೇ. ಡಾಮರು ಮಾರ್ಗದಲ್ಲಿ ಏನೂ ತೊಂದರೆ ಇಲ್ಲ. ತೊಂದರೆ ಇದ್ದದ್ದು ಪಂಚಾಯತ್ ಕಾಂಕ್ರೀಟ್ ಮಾರ್ಗ ಮುಗಿದ ಮೇಲಿನ ಮುನ್ನೂರೈವತ್ತು ಮೀಟರಿನಲ್ಲಿ.

ಮಗ ಫೋನಿನಲ್ಲಿ ಪೇಟೆಯ ಒಂದು ಸಾಗಾಟದ ಕಂಪೆನಿಗೆ ಮಾತಾಡಿದ. ಅವರು ಎಷ್ಟು ಕೋಣೆ, ಎಷ್ಟು ಮಂಚ, ಫ್ರಿಜ್ಜು ಉಂಟಾ, ಎಷ್ಟನೇ ಮಹಡಿ, ಲಿಫ್ಟ್ ಉಂಟಾ ಅಂತ ಎಲ್ಲ ಕೇಳಿದರು. ಲಿಫ್ಟಿನ ಪ್ರಶ್ನೆಗೆ ನಾವು ನಗಾಡಿದೆವು. ಸಂಕ ಎಷ್ಟು ಅಗಲ, ಏರು ಎಷ್ಟು, ತಿರ್ಗಾಸು ಎಲ್ಲಿ ಅಂತ ಅವರು ಕೇಳಲಿಲ್ಲ, ನಾವು ಹೇಳಲಿಲ್ಲ. ಹನ್ನೊಂದು ಸಾವಿರಕ್ಕೆ ಮಾತಾಯಿತು.

ಬಂದದ್ದು ನಾಲ್ಕೂ ಬದಿ ಮುಚ್ಚಿದ ಪೆಟ್ಟಿಗೆಯಂಥ ಲಾರಿ. ಹದಿನಾಲ್ಕು ಅಡಿ ಉದ್ದದ ಪೆಟ್ಟಿಗೆ, ನೆಲದಿಂದ ಹತ್ತಡಿ ಎತ್ತರ. ವೇಣೂರಿನಲ್ಲಿ ಅಂಗಳದವರೆಗೆ ಬಂತು, ತುಂಬಿಸಿದ್ದೂ ಚಂದವೇ. ಆದರೆ ಇಲ್ಲಿಗೆ ಬಂದು ತೋಡಿನ ಬದಿ ನಿಂತಿತು. ಡ್ರೈವರ್ ಇಳಿದು ಸಂಕ ನೋಡಿದ, ಮೇಲೆ ನೋಡಿದ, "ಆಗುವುದಿಲ್ಲ" ಅಂದ. ಅವನದ್ದು ತಪ್ಪಲ್ಲ. ಸಂಕಕ್ಕೆ ಏಳೂವರೆ ಅಡಿ ಅಗಲದ ಸ್ಲಾಬ್. ಅದನ್ನು ಹಾಕುವಾಗ ಆಟೋರಿಕ್ಷಾ ದಾಟಿದರೆ ಸಾಕು ಅಂತ ಹಾಕಿದ್ದು. ದಾಟಿದರೆ ಹಲಸಿನ ಗೆಲ್ಲು, ಅದರ ಹತ್ತಿರವೇ ತಗ್ಗಿನಲ್ಲಿ ಜೋತಾಡುವ ಕರೆಂಟಿನ ಸರ್ವಿಸ್ ವಯರು. ಆಮೇಲೆ ಏರು, ಏರಿನ ಮಧ್ಯದಲ್ಲಿ ಬರೆ ಕಡಿದು ಮಾಡಿದ ತಿರ್ಗಾಸು. ಕಾರಿನವರೇ ಅಲ್ಲಿ ಎರಡು ಸಲ ಹಿಂದೆಮುಂದೆ ಮಾಡುತ್ತಾರೆ.

ಕಂಪೆನಿಯ ನಾಲ್ಕು ಮಂದಿ ಕೆಲಸದವರು ಗಟ್ಟಿ ಹುಡುಗರು. ಆದರೆ ಪೇಟೆಯ ಮೆಟ್ಟಿಲು ಹತ್ತಿ ಅಭ್ಯಾಸವೇ ಹೊರತು ಮುರಕಲ್ಲಿನ ಜಾರುವ ಏರಿನಲ್ಲಿ ಹೊರೆ ಹೊತ್ತು ಅಲ್ಲ. ಅಷ್ಟು ದೂರ ಹೊರಬೇಕಾದರೆ ಬೇರೆ ದುಡ್ಡು ಅಂದರು. ಫೋನಿನಲ್ಲಿ ಕಂಪೆನಿಯವರೂ ಅದನ್ನೇ ಅಂದರು. ಮಧ್ಯಾಹ್ನ ಮೂರು ಗಂಟೆಗೆ ಮೂಡಣ ಬದಿಯಲ್ಲಿ ಮೋಡ ಕಟ್ಟಿತು. ಸಾಮಾನು ಅರ್ಧ ಲಾರಿಯಲ್ಲಿ, ಅರ್ಧ ಮಾರ್ಗದ ಬದಿ. ಆ ಹೊತ್ತಿಗೆ ಚೌಕಾಸಿ ಮಾಡಲಿಕ್ಕೆ ಯಾರಿಗೆ ಬಾಯಿ ಬರುತ್ತದೆ? ಕೊನೆಗೆ ಅವರಿಗೆ ಮೂರು ಸಾವಿರ ಹೆಚ್ಚಿಗೆ, ನೆರೆಕರೆಯ ಪಿಕಪ್ಪಿಗೆ ಆರು ಟ್ರಿಪ್ಪಿಗೆ ಮೂರು ಸಾವಿರದ ಆರುನೂರು, ಊರಿನ ಮೂವರು ಆಳುಗಳಿಗೆ ಸಂಬಳ, ಊಟ, ಚಾ ಎಲ್ಲ ಸೇರಿ ಎರಡು ಸಾವಿರದ ಒಂಬೈನೂರು. ಹಾಸಿಗೆ ನೆನೆಯಿತು, ಕಪಾಟಿನ ಕನ್ನಡಿ ಒಡೆಯಿತು. ಕನ್ನಡಿಯ ವಿಷಯ ಎತ್ತಿದರೆ, ನಾವು ಓದದೆ ಸೈನು ಹಾಕಿದ ಕಾಗದವನ್ನು ತೋರಿಸಿದರು.

ಈಗ ನನ್ನ ಅಭಿಪ್ರಾಯ. ಮೊದಲನೆಯ ತಪ್ಪು ನಮ್ಮದೇ. ಸಾಮಾನಿನ ಲೆಕ್ಕ ಕೊಡುತ್ತೇವೆ, ಮಾರ್ಗದ ಲೆಕ್ಕ ಕೊಡುವುದಿಲ್ಲ. ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಘಟ್ಟದ ಮೇಲಿನ ಊರುಗಳ ಹಾಗೆ ಮನೆಗಳು ಒಂದೇ ಬೀದಿಯಲ್ಲಿ ಸಾಲಾಗಿ ಇಲ್ಲ. ಬೈಲಿನ ಕೊನೆಗೆ, ಗುಡ್ಡೆಯ ಬುಡಕ್ಕೆ, ತೋಟದ ನಡುವೆ ಒಂದೊಂದೇ ಮನೆ. ಒಂದೊಂದು ಮನೆಯ ದಾರಿಯೂ ಒಂದೊಂದು ನಮೂನೆ. ಪೇಟೆಯಲ್ಲಿ ಕೂತವನಿಗೆ ಅದು ಗೊತ್ತಾಗುವುದು ಹೇಗೆ?

ಹಾಗಾಗಿ ಬಾಡಿಗೆ ಮಾತಾಡುವ ಮೊದಲು ಒಂದು ಟೇಪು ಹಿಡಿದು ಡಾಮರಿನಿಂದ ಅಂಗಳದವರೆಗೆ ನಡೆಯಿರಿ. ಅತಿ ಇಕ್ಕಟ್ಟಿನ ಜಾಗ ಎಷ್ಟು ಅಡಿ ಅಂತ ಬರೆದುಕೊಳ್ಳಿ. ಮಾರ್ಗ ಉಳಿದ ಕಡೆ ಹತ್ತಡಿ ಇದ್ದು ಏನು ಪ್ರಯೋಜನ, ಸಂಕದಲ್ಲಿ ಏಳೂವರೆ ಇದ್ದರೆ ಅದು ಏಳೂವರೆಯ ಮಾರ್ಗವೇ. 'ಚಿಕ್ಕ ಆನೆ' ಅಂತ ಕರೆಯುವ ಟಾಟಾ ಏಸ್ 2005ರಲ್ಲಿ ಬಂದದ್ದು ನಮ್ಮಂಥವರಿಗೆ ದೊಡ್ಡ ಉಪಕಾರ. ಅಗಲ ಐದಡಿ, ಉದ್ದ ಹದಿಮೂರಡಿಯ ಒಳಗೆ, ಮುಕ್ಕಾಲು ಟನ್ ಹೇರಿದರೂ ಒಟ್ಟು ತೂಕ ಹೆಚ್ಚುಕಡಿಮೆ ಒಂದೂವರೆ ಟನ್ನು. ದೊಡ್ಡ ಲಾರಿಯ ಅಗಲ ಎಂಟಡಿಯವರೆಗೆ ಹೋಗುತ್ತದೆ, ತೂಕ ಕೇಳುವುದೇ ಬೇಡ. ತೋಡಿನ ಸ್ಲಾಬಿನ ಕೆಳಗೆ ಎಷ್ಟು ಕಬ್ಬಿಣ ಹಾಕಿದ್ದು ಅಂತ ಹಾಕಿದ ಮೇಸ್ತ್ರಿಗೇ ನೆನಪಿರುವುದಿಲ್ಲ. ಏರನ್ನು ನೀರಿನ ಪೈಪು ಹಿಡಿದು ನೋಡಿದರೆ ಗೊತ್ತಾಗುತ್ತದೆ. ಹತ್ತಡಿಗೆ ಒಂದಡಿ ಏರಿದರೆ ತೊಂದರೆ ಇಲ್ಲ. ಎರಡಡಿ ಏರಿದರೆ, ಅದೂ ಮಣ್ಣಿನ ಮಾರ್ಗವಾದರೆ, ಒಂದು ಮಳೆ ಬಂದ ಮೇಲೆ ಹೇರಿದ ವಾಹನ ಹತ್ತುತ್ತದೆ ಅಂತ ನಾನು ನಂಬುವುದಿಲ್ಲ.

ತಗ್ಗಿನ ವಯರಿನ ವಿಷಯ ಒಂದು ಮಾತು. ಲಾರಿ ದಾಟಿಸಲಿಕ್ಕೆ ಕೋಲಿನಲ್ಲಿ ವಯರು ಎತ್ತಿ ಹಿಡಿಯುವ ಕ್ರಮ ನಮ್ಮಲ್ಲಿ ಉಂಟು. ಒಣಗಿದ ಕೋಲು ಅಂತ ಧೈರ್ಯ. ದಯವಿಟ್ಟು ಬೇಡ ಮಾರಾಯ್ರೆ. ಎರಡು ದಿನ ಮೊದಲೇ ಮೆಸ್ಕಾಂ ಲೈನ್‌ಮ್ಯಾನಿಗೆ ಹೇಳಿ.

ನನ್ನನ್ನು ಕೇಳಿದರೆ ದೂರದ ಊರಿಗೆ ಹೋಗುವುದಾದರೆ ಮಾತ್ರ ದೊಡ್ಡ ಕಂಪೆನಿ. ಬೆಂಗಳೂರಿಗೋ ಹುಬ್ಬಳ್ಳಿಗೋ ಹೋಗುವುದಾದರೆ ಅವರ ಕಟ್ಟುವ ಕೆಲಸ ಚಂದ, ಕಾಗದಪತ್ರವೂ ಇರುತ್ತದೆ. ಆ ಕಾಗದ ಓದಿ ಸೈನು ಹಾಕಿ. ರಸ್ತೆ ಸಾಗಾಟಕ್ಕೆ 2007ರ ಕಾಯಿದೆ ಉಂಟು. ಅದರ ನಿಯಮದ ಪ್ರಕಾರ, ಹೆಚ್ಚಿನ ಬೆಲೆ ಮೊದಲೇ ಬರೆಸಿ ಅದಕ್ಕೆ ಬೇರೆ ದರ ಕೊಡದಿದ್ದರೆ, ಸಾಮಾನು ಹಾಳಾದಾಗ ಸಾಗಾಟದವನ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ನಿಲ್ಲುತ್ತದೆ. ತಾಲೂಕಿನಿಂದ ತಾಲೂಕಿಗಾದರೆ ಊರಿನ ಪಿಕಪ್ಪೇ ಸಾಕು. ಎರಡು ಟ್ರಿಪ್ಪು ಹೆಚ್ಚಾಗಲಿ. ಆ ಡ್ರೈವರಿಗೆ ನಮ್ಮಂಥ ಏರು ದಿನಾ ಹತ್ತಿ ಗೊತ್ತಿರುತ್ತದೆ, ಬ್ರೇಕು ಎಲ್ಲಿ ಹಿಡಿಯಬೇಕು, ಎಲ್ಲಿ ಹಿಡಿಯಬಾರದು ಅಂತ. ಅವನನ್ನೂ ಒಂದು ದಿನ ಮೊದಲು ಕರೆದು ಮಾರ್ಗ ತೋರಿಸಿ, ಬಾಡಿಗೆ ಅಂಗಳದವರೆಗೋ ಸಂಕದವರೆಗೋ ಅಂತ ಬಿಡಿಸಿ ಮಾತಾಡಿ. ಪೆಟ್ರೋಲಿಗೆ ಇನ್ನೂರು ಕೊಟ್ಟರೂ ನಷ್ಟ ಇಲ್ಲ.

ಇನ್ನೊಂದು, ಸಾಮಾನಿನ ಮೇಲೆ ನೆರೆಮನೆ ಹುಡುಗರನ್ನು ಕೂರಿಸುವುದು. ಮೋಟಾರು ವಾಹನ ಕಾಯಿದೆಗೆ 1994ರಲ್ಲಿ ಆದ ತಿದ್ದುಪಡಿಯಿಂದ ಸಾಮಾನಿನ ಒಡೆಯನಿಗೆ ಅಥವಾ ಅವನ ಪರವಾಗಿ ಹೋಗುವವನಿಗೆ ವಿಮೆ ಉಂಟು. ಅದೂ ಕ್ಯಾಬಿನಿನಲ್ಲಿ ಕೂತರೆ. ಹಿಂದೆ ಕಪಾಟು ಹಿಡಿದು ನಿಂತವನಿಗೆ ಇಲ್ಲ. ಸಹಾಯಕ್ಕೆ ಬಂದವನ ಕಾಲು ಮುರಿದರೆ ನಾವು ಮುಖ ತೋರಿಸುವುದು ಹೇಗೆ?

ಆಟಿ ತಿಂಗಳಲ್ಲಿ ಮನೆ ಬದಲಿಸಬಾರದು ಅಂತ ಹಿರಿಯರು ಹೇಳುತ್ತಿದ್ದರು. ಅಶುಭ ಅನ್ನುತ್ತಿದ್ದರು, ಅದು ಅವರವರ ನಂಬಿಕೆ. ಆದರೆ ಆ ಮಳೆಯಲ್ಲಿ ಹಾವಸೆ ಕಟ್ಟಿದ ಏರಿನಲ್ಲಿ ಮಂಚ ಹೊತ್ತು ನೋಡಿದವರಿಗೆ ಬೇರೆ ಕಾರಣ ಬೇಕಾಗುವುದಿಲ್ಲ. ನಾನು ಮೇ ತಿಂಗಳು ಅಂತ ಧೈರ್ಯ ಮಾಡಿದ್ದು. ಡಿಸೆಂಬರಿನಿಂದ ಮಾರ್ಚ್ ಒಳಗೆ ಮುಗಿಸುವುದು ಒಳ್ಳೆಯದು. ಗದ್ದೆಯಲ್ಲಿ ಬೆಳೆ ಇಲ್ಲದ ಸಮಯ ನೋಡಿದರೆ, ನೆರೆಯವನ ಗದ್ದೆಗೆ ಚಕ್ರ ಇಳಿದರೂ ಜಗಳ ಆಗುವುದಿಲ್ಲ.

ಜಗಳ ಅಂದಾಗ ನೆನಪಾಯಿತು. ನಿಜವಾದ ಗಂಟು ಇರುವುದು ಅಲ್ಲೇ. ನನ್ನ ಮುನ್ನೂರೈವತ್ತು ಮೀಟರಿನಲ್ಲಿ ನೂರೈವತ್ತು ಮೀಟರು ಇನ್ನೊಬ್ಬರ ಬೈಲಿನ ಬದು. 1974ರ ಭೂಮಸೂದೆಯಲ್ಲಿ ಡಿಕ್ಲರೇಶನ್ ಕೊಟ್ಟು ನಮ್ಮ ಜಿಲ್ಲೆಯಲ್ಲಿ ಸಾವಿರಾರು ಮಂದಿ ಒಕ್ಕಲುಗಳಿಗೆ ಜಾಗ ಆಯಿತು. ಅದರ ಉಪಕಾರ ನಾನು ಮರೆತವನಲ್ಲ. ಆದರೆ ಒಬ್ಬ ಧನಿಯ ಜಾಗ ಹತ್ತು ಮಂದಿಗೆ ಹಂಚಿ ಹೋದಾಗ ಎಷ್ಟೋ ಕಡೆ ಕಾಲುದಾರಿಯನ್ನು ಯಾರೂ ಕಾಗದದಲ್ಲಿ ಬರೆಸಲಿಲ್ಲ. ಆವತ್ತು ಬರೆಸಬೇಕು ಅಂತ ತೋರಲೂ ಇಲ್ಲ. ತಲೆಹೊರೆಯಲ್ಲಿ ಭತ್ತ ತರುತ್ತಿದ್ದ ಕಾಲ, ಒಂದು ಕಟ್ಟಪುಣಿ ಸಾಕಿತ್ತು.

1882ರ ಈಸ್‌ಮೆಂಟ್ ಕಾಯಿದೆ ನಮ್ಮ ಜಿಲ್ಲೆಗೆ ಮದ್ರಾಸಿನ ಆಡಳಿತದ ಕಾಲದಿಂದಲೇ ಇರುವಂಥದ್ದು. ಇಪ್ಪತ್ತು ವರ್ಷ ತಡೆಯಿಲ್ಲದೆ, ಹಕ್ಕಿನಿಂದ ನಡೆದ ದಾರಿಗೆ ಅದರಲ್ಲಿ ರಕ್ಷಣೆ ಉಂಟು. ಆದರೆ ಒಂದು ಬಗೆಯ ದಾರಿ ಹಕ್ಕಿನಲ್ಲಿ ಇನ್ನೊಂದು ಬಗೆ ಸೇರುವುದಿಲ್ಲ ಅಂತಲೂ ಅದರಲ್ಲೇ ಉಂಟು. ನಡೆಯುವ ಹಕ್ಕಿದ್ದವನಿಗೆ ಲಾರಿ ತರುವ ಹಕ್ಕಿಲ್ಲ. ಇದು ಗೊತ್ತಿಲ್ಲದೆ "ನನ್ನ ಅಜ್ಜನ ಕಾಲದ ದಾರಿ" ಅಂತ ಲಾರಿ ನುಗ್ಗಿಸಿ ಕೋರ್ಟಿಗೆ ಹೋದವರನ್ನು ನಾನು ನೋಡಿದ್ದೇನೆ.

ಆಚೆ ಬದಿಯವರಿಗೂ ಒಂದು ಮಾತು ಹೇಳಬೇಕು. "ಇವತ್ತು ಲಾರಿ ಬಿಟ್ಟರೆ ನಾಳೆ ಮಾರ್ಗ ಅವನದ್ದೇ ಆಗುತ್ತದೆ" ಅಂತ ಹೆದರಿ ಎಷ್ಟೋ ಮಂದಿ ಒಂದು ದಿನಕ್ಕೂ ಬಿಡುವುದಿಲ್ಲ. ಅನುಮತಿ ಕೇಳಿ ದಾಟಿದ್ದು ಹಕ್ಕಾಗುವುದಿಲ್ಲ. ಹೆದರಿಕೆ ಇದ್ದರೆ "ಇಂಥ ದಿನ, ಸಾಮಾನು ಸಾಗಿಸಲಿಕ್ಕೆ, ಅನುಮತಿ ಪಡೆದು" ಅಂತ ಒಂದು ಚೀಟಿ ಬರೆಸಿಕೊಳ್ಳಿ. ನನ್ನ ನೆರೆಯವರು ಚೀಟಿಯನ್ನೂ ಕೇಳಲಿಲ್ಲ. ಆವತ್ತು ಪಿಕಪ್ಪಿನ ಚಕ್ರಕ್ಕೆ ಅವರ ಬದು ನಾಲ್ಕು ಕಡೆ ಕುಸಿಯಿತು. ಮರುದಿನ ನಾನೂ ಮಗನೂ ಹಾರೆ ಹಿಡಿದು ಹೋಗಿ ಸರಿ ಮಾಡಿದೆವು. ಆ ಕೆಲಸ ಕೇಳುವ ಮೊದಲೇ ಮಾಡಬೇಕು.

ಕೆಲವರು ಇದಕ್ಕೆಲ್ಲ ಮದ್ದು ಜೇಸಿಬಿ ಅನ್ನುತ್ತಾರೆ. ಗುಡ್ಡೆ ಸೀಳಿ ಹದಿನೈದಡಿ ಮಾರ್ಗ ಮಾಡಿದರಾಯಿತು ಅಂತ. ನಾನು ಒಪ್ಪುವುದಿಲ್ಲ. ನೇರ ಕಡಿದ ಬರೆ ಮಳೆಗಾಲದಲ್ಲಿ ಅಂಗಳಕ್ಕೇ ಬರುತ್ತದೆ. ನೀರು ಹೋಗಲಿಕ್ಕೆ ಕಣಿ ಇಲ್ಲದ ಮಾರ್ಗವೇ ಮರುವರ್ಷಕ್ಕೆ ತೋಡಾಗುತ್ತದೆ. ತಿರ್ಗಾಸಿನಲ್ಲಿ ನಾಲ್ಕಡಿ ಅಗಲ ಮಾಡಿ, ಏರಿನ ಕಡಿದಾದ ಭಾಗಕ್ಕೆ ಮಾತ್ರ ಗೀರು ಹಾಕಿದ ಕಾಂಕ್ರೀಟು ಹಾಕಿ, ಅಡ್ಡಕ್ಕೆ ಎರಡು ಕಣಿ ಕೊಟ್ಟರೆ ಸಣ್ಣ ವಾಹನಕ್ಕೆ ಅಷ್ಟು ಸಾಕು. ಟೈಲ್ಸಿಗೆ ಲಕ್ಷ ಹಾಕುವವರು ಇದಕ್ಕೆ ಇಪ್ಪತ್ತೈದು ಸಾವಿರ ಹಾಕಲಿಕ್ಕೆ ಹಿಂದೆಮುಂದೆ ನೋಡುತ್ತಾರೆ. ನಾನೂ ಹಾಗೇ ಇದ್ದೆ.

ಮನೆ ಸಾಮಾನು ಜೀವಮಾನದಲ್ಲಿ ಒಂದೆರಡು ಸಲ ಸಾಗಿಸುವುದು, ಅದಕ್ಕೆ ಇಷ್ಟು ರಗಳೆ ಯಾಕೆ ಅಂತ ಕೇಳಬಹುದು. ಫ್ರಿಜ್ಜು ಬಾರದ ಮಾರ್ಗದಲ್ಲಿ 108 ಬರುತ್ತದಾ? ಆ ಆಂಬುಲೆನ್ಸ್ ನಮ್ಮ ರಾಜ್ಯಕ್ಕೆ ಬಂದದ್ದು 2008ರ ನವೆಂಬರಿನಲ್ಲಿ. ಬಂದು ಇಷ್ಟು ವರ್ಷವಾದರೂ ಎಷ್ಟೋ ಮನೆಯ ಮುದುಕರು ಈಗಲೂ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೇ ಡಾಮರಿಗೆ ಬರುವುದು, ಇಬ್ಬರು ಮುಂದೆ, ಇಬ್ಬರು ಹಿಂದೆ ಹಿಡಿದು. 2019ರ ಆಗಸ್ಟಿನ ನೆರೆಯಲ್ಲಿ ಬೆಳ್ತಂಗಡಿ ತಾಲೂಕಿನ ಚಾರ್ಮಾಡಿ, ದಿಡುಪೆ ಕಡೆ ಸಂಕ, ಸೇತುವೆ ಕೊಚ್ಚಿಹೋದಾಗ ಆಚೆ ಬದಿಯ ಮನೆಯವರಿಗೆ ಅಕ್ಕಿ ಮುಟ್ಟಿಸುವುದೇ ಕಷ್ಟವಾಗಿತ್ತು. ಅದು ಪ್ರಕೃತಿಯಿಂದ ಆದದ್ದು. ನನ್ನ ತಿರ್ಗಾಸು ನಾನೇ ಬಿಟ್ಟದ್ದು.

ಸಾಮಾನಿನ ಪಟ್ಟಿಯಲ್ಲಿ ಇಲ್ಲದ ಎರಡು ವಸ್ತು ಉಂಟು. ಒಂದು ಜೇನು ಪೆಟ್ಟಿಗೆ. ಅದನ್ನು ಯಾವ ಕಂಪೆನಿಯೂ ಮುಟ್ಟುವುದಿಲ್ಲ. ಕತ್ತಲಾಗಿ ನೊಣ ಎಲ್ಲ ಒಳಗೆ ಬಂದ ಮೇಲೆ ಬಾಗಿಲಿಗೆ ಜಾಳಿಗೆ ಕಟ್ಟಿ, ರಾತ್ರಿಯೇ ಆಟೋದಲ್ಲಿ ಮಡಿಲಲ್ಲಿಟ್ಟು ತಂದೆ. ಎರಡೂ ಕುಟುಂಬ ಉಳಿಯಿತು. ದನವನ್ನು ತಮ್ಮನಲ್ಲೇ ಬಿಟ್ಟೆ, ಇಲ್ಲಿ ನೀರಿಲ್ಲ.

ಇನ್ನೊಂದು ಅಜ್ಜನ ಕಾಲದ ಭತ್ತದ ಕಲೆಂಬಿ. ಹಲಸಿನ ಹಲಗೆ, ನಾಲ್ಕು ಜನ ಅಲ್ಲಾಡಿಸಲಿಕ್ಕೂ ಆಗುವುದಿಲ್ಲ. ಹಿಂದಿನವರು ಅದನ್ನು ಬೆಣೆ ಹಾಕಿ ಜೋಡಿಸಿದ್ದು ಬಿಚ್ಚಲಿಕ್ಕಾಗಿಯೇ. ಪೇಟೆಯ ಹುಡುಗರಿಗೆ ಅದು ಗೊತ್ತಿಲ್ಲ, ನನಗೆ ಆ ಗಡಿಬಿಡಿಯಲ್ಲಿ ಹೊಳೆಯಲಿಲ್ಲ. ಇಡಿಯಾಗಿ ಲಾರಿಯಿಂದ ಇಳಿಸಿ ನೆರೆಯವರ ಹಟ್ಟಿಯ ಮಾಡಿನ ಕೆಳಗೆ ಇಟ್ಟೆವು. ಊರಿನ ಆಚಾರಿ ಬಂದು ಬೆಣೆ ಬಿಚ್ಚಿಕೊಡುತ್ತೇನೆ ಅಂದಿದ್ದಾರೆ. ಅಷ್ಟರವರೆಗೆ ಅದರಲ್ಲಿ ಅವರ ಕೋಳಿ ಮೊಟ್ಟೆ ಇಡುತ್ತಾ ಉಂಟು.