ಮಾತ್ರೆಗೂ ನಡತೆಯ ಸರ್ಟಿಫಿಕೇಟೇ?

ದುದ್ದದ ಹೋಟೆಲೊಂದರಲ್ಲಿ ಮೊನ್ನೆ ವರ್ತಕ ಮಿತ್ರರೊಬ್ಬರು ನಮ್ಮನ್ನು ಕೂರಿಸಿಕೊಂಡು ಕೇಳಿದರು: “ಏನ್ ಸ್ವಾಮಿ, ಅಮಲಿನ ಸೂಜಿ ಚುಚ್ಚಿಕೊಂಡು ಏಡ್ಸ್ ತಂದುಕೊಂಡವನಿಗೆ ನಮ್ಮ ತೆರಿಗೆ ದುಡ್ಡಿನಲ್ಲಿ ಮಾತ್ರೆ ಯಾಕೆ? ಅವನೇನು ಹೊತ್ತಿಗೆ ಸರಿಯಾಗಿ ನುಂಗುತ್ತಾನೆಯೇ? ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಅಲ್ಲವೇ?” ಪಕ್ಕದಲ್ಲಿದ್ದವರು ಹೌದೆಂದು ತಲೆಯಾಡಿಸಿದರು. ಮಿತ್ರರು ಕೆಟ್ಟವರಲ್ಲ, ಕಷ್ಟಕಾಲದಲ್ಲಿ ಕೂಲಿಕಾರರಿಗೆ ಸಾಲ ಬರೆದುಕೊಂಡು ಅಕ್ಕಿ ಅಳೆದುಕೊಟ್ಟವರು. ಆದ್ದರಿಂದಲೇ ಅವರಿಗೆ ಉತ್ತರ ಹೇಳಬೇಕಾಗಿದೆ.

ಅವರ ಮಾತಿನಲ್ಲಿ ನಿಜವಿರುವಷ್ಟನ್ನು ಮೊದಲೇ ಒಪ್ಪಿಬಿಡುತ್ತೇವೆ. ಅಮಲುಗಳಲ್ಲಿ ಎರಡು ಜಾತಿ. ಅಫೀಮಿನ ಜಾತಿ ಮಂಪರು ತರಿಸುತ್ತದೆ. ಕೊಕೇನ್, ಮೆತಾಂಫೆಟಮಿನ್ ಮುಂತಾದ ಉತ್ತೇಜಕ ಜಾತಿ ನಿದ್ರೆ ಕೆಡಿಸಿ ಹಸಿವು ಹಿಂಗಿಸುತ್ತದೆ. ಇದನ್ನು ಏರಿಸಿಕೊಂಡವನು ಎರಡು ಮೂರು ದಿನ ಕಣ್ಣು ಮುಚ್ಚುವುದಿಲ್ಲ, ಆಮೇಲೆ ಸತ್ತವನಂತೆ ಬಿದ್ದುಕೊಳ್ಳುತ್ತಾನೆ. ವಾರದ ಲೆಕ್ಕವೇ ತಪ್ಪಿದವನಿಗೆ ಮಾತ್ರೆಯ ಹೊತ್ತು ನೆನಪಿರುವುದೆಲ್ಲಿ? ಈ ಅಮಲು ಬೇಗ ಇಳಿಯುವುದರಿಂದ ದಿನಕ್ಕೆ ಹಲವು ಸಲ ಸೂಜಿ ಬೇಕು. ಸೂಜಿ ಸಾಲದಾದಾಗ ಒಬ್ಬನದು ಇನ್ನೊಬ್ಬನಿಗೆ. ಇಂಥವರಲ್ಲಿ ವೈರಾಣು ಹತೋಟಿಗೆ ಬರುವುದು ಇತರರಿಗಿಂತ ಕಡಮೆ ಎಂದು ಹಲವು ದೇಶಗಳ ವೈದ್ಯರು ಬರೆದಿದ್ದಾರೆ. ಅಫೀಮಿನವನಿಗೆ ಬುಪ್ರೆನಾರ್ಫಿನ್ ಎಂಬ ಬದಲಿ ಮದ್ದುಂಟು. ಉತ್ತೇಜಕದವನಿಗೆ ಅಂಥ ಬದಲಿ ಮದ್ದು ಇನ್ನೂ ಇಲ್ಲ.

ಇದು ನಮ್ಮ ಕಡೆಯ ಪೀಡೆಯಲ್ಲ ಎನ್ನುವಿರಾ? 2019ರಲ್ಲಿ ಹೊರಬಂದ ಕೇಂದ್ರ ಸರ್ಕಾರದ ವರದಿಯ ಪ್ರಕಾರ ಈ ದೇಶದಲ್ಲಿ ಸೂಜಿಯಿಂದ ಅಮಲು ಏರಿಸಿಕೊಳ್ಳುವವರು ಸುಮಾರು 8.5 ಲಕ್ಷ. ಹೆಚ್ಚಿನವರು ಅಫೀಮಿನ ಜಾತಿಯವರೇ, ನಿಜ. 2017ರ ಎಣಿಕೆಯಲ್ಲಿ ಸೂಜಿಯವರಲ್ಲಿ ನೂರಕ್ಕೆ ಆರಕ್ಕಿಂತ ಹೆಚ್ಚು ಮಂದಿಗೆ ಎಚ್‌ಐವಿ ಇತ್ತು. ಸಾಮಾನ್ಯ ಜನರಲ್ಲಿ ಅದು ನೂರಕ್ಕೆ 0.22. ಕರ್ನಾಟಕದಲ್ಲಿ ಈ ರೋಗ ಬಹುಪಾಲು ಬೇರೆ ದಾರಿಯಿಂದ ಬಂದದ್ದು. ಆದರೆ ಮೆಫೆಂಟರ್ಮಿನ್ ಎಂಬ ಇಂಜೆಕ್ಷನ್ ಹೆಸರು ಕೇಳಿದ್ದೀರೋ ಇಲ್ಲವೋ! ಶಸ್ತ್ರಚಿಕಿತ್ಸೆಯ ವೇಳೆ ರಕ್ತದೊತ್ತಡ ಕುಸಿದಾಗ ಕೊಡುವ ಮದ್ದು ಅದು. ಕಸರತ್ತಿನ ಹುಡುಗರು ಅದನ್ನೇ ಶಕ್ತಿ ಬರಲೆಂದು ಚುಚ್ಚಿಕೊಂಡು ಚಟಕ್ಕೆ ಬಿದ್ದ ಪ್ರಕರಣಗಳನ್ನು ನಮ್ಮ ದೇಶದ ವೈದ್ಯರೇ ಪ್ರಕಟಿಸಿದ್ದಾರೆ. ಒಂದೇ ಸೀಸೆಯಲ್ಲಿ ಹಲವು ಸಲಕ್ಕಾಗುವಷ್ಟು ಮದ್ದು ಇರುತ್ತದೆ. ಬಳಸಿದ ಸೂಜಿಯನ್ನೇ ಮತ್ತೆ ಅದ್ದಿದರೆ ಸೀಸೆಯೇ ರೋಗದ ಮನೆ.

ಇನ್ನೊಂದು ಮಾತು. ನಿದ್ರೆ ಕೆಡಿಸುವ ಮದ್ದನ್ನು ಪೋಲಿಗಳು ಕಂಡುಹಿಡಿದದ್ದಲ್ಲ. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿ, ಬ್ರಿಟನ್, ಅಮೆರಿಕ, ಜಪಾನ್ ಸರ್ಕಾರಗಳೇ ಸಿಪಾಯಿಗಳಿಗೆ ಅದನ್ನು ಹಂಚಿದವು. ಜಪಾನಿನಲ್ಲಿ ಯುದ್ಧ ಮುಗಿದ ಮೇಲೆ ಅದು ಊರೂರಿಗೂ ಹಬ್ಬಿ, 1951ರಲ್ಲಿ ಕಾನೂನು ಮಾಡಿ ತಡೆಯಬೇಕಾಯಿತು. ಥಾಯ್ಲೆಂಡಿನಲ್ಲಿ ಲಾರಿ ಓಡಿಸುವವನೂ ಕೂಲಿಯವನೂ ನುಂಗಿದ್ದು ರಾತ್ರಿಯ ದುಡಿಮೆಗೆ. ರಾತ್ರಿ ಪಾಳಿ ಮಾಡಿದ ಗಿರಣಿ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಮೂಲ ಪ್ರಶ್ನೆಗೆ ಬರೋಣ. ಅವನು ಸರಿಯಾಗಿ ನುಂಗುವುದಿಲ್ಲ, ಆದ್ದರಿಂದ ಕೊಡಬೇಡಿ ಎನ್ನುವ ವಾದ ಹೊಸದಲ್ಲ. ಶ್ರೀಮಂತ ದೇಶಗಳ ದೊಡ್ಡ ದೊಡ್ಡ ಡಾಕ್ಟರುಗಳೂ ಒಂದು ಕಾಲಕ್ಕೆ ಇದನ್ನೇ ಹೇಳಿದರು. ಅದನ್ನು ಸುಳ್ಳು ಮಾಡಿದ್ದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಸಾರ್ವಜನಿಕ ಆಸ್ಪತ್ರೆಯ 86ನೆಯ ವಾರ್ಡು. ಮನೆಯಿಲ್ಲದವರು ಮೊದಲೇ ಗೊತ್ತುಮಾಡದೆ ಬಂದರೂ ನೋಡುವ ಏರ್ಪಾಡನ್ನು ಅವರು 2019ರಲ್ಲಿ ಮಾಡಿದರು. ತರುವಾಯ ದಿನದ ಮಾತ್ರೆಯ ಬದಲು ವಾರಗಟ್ಟಲೆ ಕೆಲಸ ಮಾಡುವ ಇಂಜೆಕ್ಷನ್ ಕೊಟ್ಟರು. 2023ರಲ್ಲಿ ಅವರು ಪ್ರಕಟಿಸಿದ ಲೆಕ್ಕದಲ್ಲಿ 133 ರೋಗಿಗಳು. ಸುಮಾರು ಮೂರರಲ್ಲೊಬ್ಬರು ಉತ್ತೇಜಕ ಅಮಲಿನವರು. ಶುರುವಿನಲ್ಲಿ ವೈರಾಣು ಹತೋಟಿಯಲ್ಲಿಲ್ಲದಿದ್ದವರು 57 ಮಂದಿ. ಅವರಲ್ಲಿ 54 ಮಂದಿಗೆ ಹತೋಟಿಗೆ ಬಂತು. ಅಮಲು ಬಿಟ್ಟು ಬಾ, ಆಮೇಲೆ ಮದ್ದು ಎಂದು ಯಾರನ್ನೂ ಬಾಗಿಲಲ್ಲಿ ನಿಲ್ಲಿಸಲಿಲ್ಲ. ಹಾಗಾದರೆ ಸೋತದ್ದು ರೋಗಿಯೋ, ಅವನಿಗೆ ಹೊಂದದ ಏರ್ಪಾಡೋ?

ತೆರಿಗೆಯ ಲೆಕ್ಕವನ್ನೂ ವರ್ತಕರ ಮುಂದೆಯೇ ಇಡುತ್ತೇವೆ. 2001ರಲ್ಲಿ ಪರದೇಶದ ಕಂಪನಿಗಳು ವರ್ಷಕ್ಕೆ 10,000 ಡಾಲರಿಗೂ ಮೇಲೆ ಮಾರುತ್ತಿದ್ದ ಮದ್ದನ್ನು ನಮ್ಮ ದೇಶದ ಸಿಪ್ಲಾ 350 ಡಾಲರಿಗೆ ಕೊಡುತ್ತೇನೆಂದಿತು. 2004ರ ಏಪ್ರಿಲ್ 1ರಿಂದ ಸರ್ಕಾರ ಪುಕ್ಕಟೆ ಕೊಡಲಾರಂಭಿಸಿತು. ಈಗ ಬಹುಪಾಲು ರೋಗಿಗಳಿಗೆ ದಿನಕ್ಕೊಂದೇ ಮಾತ್ರೆ. ಅದನ್ನು ನುಂಗಿ ವೈರಾಣು ಅಡಗಿಸಿಕೊಂಡವನಿಂದ ಸಂಗಾತಿಗೆ ಸಂಭೋಗದ ಮೂಲಕ ರೋಗ ಹರಡುವುದಿಲ್ಲ ಎಂಬುದು 2016 ಮತ್ತು 2019ರ ಅಧ್ಯಯನಗಳಿಂದ ಸ್ಥಿರಪಟ್ಟಿದೆ. ಒಬ್ಬನ ಮಾತ್ರೆ ನಿಲ್ಲಿಸಿದರೆ ಉಳಿಯುವುದು ಒಂದು ಮಾತ್ರೆಯ ಬೆಲೆ. ಆಮೇಲೆ ಅವನಿಗೂ ಅವನ ಹೆಂಡತಿಗೂ ಚಿಕಿತ್ಸೆಯ ಖರ್ಚು ಹೊರುವವರು ಯಾರು?

2017ರ ಎಚ್‌ಐವಿ ಕಾಯಿದೆ 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂತು. ನೋಂದಾಯಿತ ಯೋಜನೆಯಲ್ಲಿ ಹಳೆಯ ಸೂಜಿ ಪಡೆದು ಶುಚಿಯಾದ ಸೂಜಿ ಕೊಡುವುದು ಅಪರಾಧವಲ್ಲ ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಒಳ್ಳೆಯದು. ಅದೇ ಕಾಯಿದೆ ಚಿಕಿತ್ಸೆಯ ಮಾತು ಬಂದಾಗ ಮಾತ್ರ “ಸಾಧ್ಯವಾದ ಮಟ್ಟಿಗೆ” ಎಂದು ನುಣುಚಿಕೊಳ್ಳುತ್ತದೆ! ಭೂಕಂದಾಯವನ್ನು ಯಾರಾದರೂ ಸಾಧ್ಯವಾದ ಮಟ್ಟಿಗೆ ಕಟ್ಟಿಸಿಕೊಂಡದ್ದುಂಟೆ?

ಮತ್ತೊಂದು ವಿಚಿತ್ರ ನೋಡಿ. ಮಾತ್ರೆ ತಪ್ಪಿಸದೆ ಸ್ಥಿಮಿತದಲ್ಲಿರುವ ರೋಗಿಗೆ ಒಟ್ಟಿಗೆ ಮೂರು ತಿಂಗಳ ಮಾತ್ರೆ ಕೊಡುವ ಪದ್ಧತಿ ಬಂದಿದೆ. ತಪ್ಪಿಸಿದವನು ಮತ್ತೆ ಮತ್ತೆ ಹಾಸನಕ್ಕೆ ಬರಬೇಕು. ಬಸ್ಸಿನ ದುಡ್ಡು ಹೋಯಿತು, ಒಂದು ದಿನದ ಕೂಲಿಯೂ ಹೋಯಿತು. ಕಾಲು ನೋಯುವವನಿಗೇ ದೂರದ ದಾರಿ. ಅವನನ್ನು ಹೆಚ್ಚು ಸಲ ನೋಡಬೇಕೆಂಬುದು ಸರಿಯೇ, ಆದರೆ ನೋಡುವವರು ಹತ್ತಿರ ಬರಲಿ. ದುದ್ದ, ಶಾಂತಿಗ್ರಾಮ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳಲ್ಲಿ ಪಾಳಿ ಬಿಟ್ಟ ಮೇಲೆ ಸಂಜೆಯೂ ಭಾನುವಾರವೂ ಮಾತ್ರೆ ಸಿಗಲಿ. ಊರಿನವರ ಕಣ್ಣಿಗೆ ಬೀಳಲಾರೆ, ಹಾಸನಕ್ಕೇ ಹೋಗುತ್ತೇನೆ ಎನ್ನುವವನಿಗೆ ಬಸ್ಸಿನ ಖರ್ಚು ಕೊಡಲಿ. ಅಮಲು ಮುಟ್ಟದೆ ಕಳೆದ ವಾರಕ್ಕೆ ಚಿಕ್ಕ ಬಹುಮಾನ ಕೊಡುವ ಕ್ರಮ ಬೇರೆ ದೇಶಗಳಲ್ಲಿ ಫಲ ಕೊಟ್ಟಿದೆ; ಅದೂ ಇಲ್ಲಿ ಬರಲಿ. ಬಹುಮಾನ ಯಾಕೆ ಎಂದು ವರ್ತಕ ಮಿತ್ರರು ನಕ್ಕರು. ಕಂತು ತಪ್ಪಿಸದ ಗಿರಾಕಿಗೆ ಯುಗಾದಿಯಲ್ಲಿ ನೀವು ಬೆಲೆ ಇಳಿಸಿಕೊಡುವುದಿಲ್ಲವೇ ಎಂದೆವು. ಅದಕ್ಕೆ ಅವರು ಏನೂ ಹೇಳದೆ ನಮ್ಮ ಕಾಫಿಯ ದುಡ್ಡನ್ನೂ ತಾವೇ ಕೊಟ್ಟು ಎದ್ದರು.